ಯೇಸುವಿನ ಶಿಷ್ಯರು ಯಾವ ಪಂಕ್ತಿಯಲ್ಲಿ?



ಶಾಲೆಯ ಅರ್ಜಿಯಲ್ಲಿ, ಜನಗಣತಿಯ ಪಟ್ಟಿಯಲ್ಲಿ 'ಧರ್ಮ' ಎಂಬ ಖಾಲಿ ಜಾಗ ಕಂಡಾಗ ನಾವು ಹಿಂದುಮುಂದು ನೋಡದೆ 'ಕ್ರೈಸ್ತ' ಎಂದು ಬರೆಯುತ್ತೇವೆ. ಅದೇ ಜಾಗದಲ್ಲಿ 'ನೀವು ಯೇಸುಸ್ವಾಮಿಯ ಶಿಷ್ಯರೇ?' ಎಂಬ ಪ್ರಶ್ನೆ ಇದ್ದಿದ್ದರೆ ಏನು ಬರೆಯುತ್ತಿದ್ದೆವು? ಬಹುಶಃ ಲೇಖನಿ ಅಲ್ಲಿಯೇ ನಿಂತುಬಿಡುತ್ತಿತ್ತು. ಶಿಷ್ಯರೆಂದರೆ ಪೇತ್ರ, ಅಂದ್ರೆಯ, ಯೊವಾನ್ನರಂಥವರು. ಇಂದಿನ ಕಾಲಕ್ಕೆ ಗುರುಗಳು, ಕನ್ಯಾಸ್ತ್ರೀಯರು. ನಾವೇನು, ಸಂಸಾರವಂದಿಗರು, ಭಾನುವಾರ ಪೂಜೆಗೆ ಹೋಗಿ ಬರುವವರು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ.

ಆದರೆ ಪವಿತ್ರ ಗ್ರಂಥ ಬೇರೆಯದೇ ಮಾತನ್ನು ಹೇಳುತ್ತದೆ. ಹೊಸ ಒಡಂಬಡಿಕೆಯನ್ನೆಲ್ಲ ಹುಡುಕಿದರೂ 'ಕ್ರೈಸ್ತ' ಎಂಬ ಪದ ಸಿಗುವುದು ಮೂರೇ ಮೂರು ಕಡೆ. 'ಶಿಷ್ಯ' ಎಂಬ ಪದವಾದರೋ ಇನ್ನೂರೈವತ್ತಕ್ಕೂ ಹೆಚ್ಚು ಬಾರಿ ಬರುತ್ತದೆ. ಆ ಹೆಸರು ಹನ್ನೆರಡು ಮಂದಿ ಪ್ರೇಷಿತರಿಗೆ ಮೀಸಲಾದದ್ದೂ ಅಲ್ಲ. ಯೊಪ್ಪ ಎಂಬ ಊರಿನಲ್ಲಿ ಬಡ ವಿಧವೆಯರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದ ತಬಿಥಾ ಎಂಬ ಹೆಣ್ಣುಮಗಳನ್ನು ಪ್ರೇಷಿತರ ಕಾರ್ಯಕಲಾಪಗಳು 9ನೇ ಅಧ್ಯಾಯ ಶಿಷ್ಯೆ ಎಂದೇ ಕರೆಯುತ್ತದೆ. ಆಕೆ ಪ್ರವಚನ ಮಾಡಿದಳೆಂದು ಅಲ್ಲಿ ಬರೆದಿಲ್ಲ. ಸೂಜಿ ದಾರ ಹಿಡಿದು ಕುಳಿತಲ್ಲಿಯೇ ಅವಳು ಶಿಷ್ಯೆಯಾದಳು.

ಹಾಗಾದರೆ ಶಿಷ್ಯತ್ವ ಎಂದರೇನು? ಅದನ್ನು ನಮ್ಮ ಮನೆಯಲ್ಲಿ, ಧರ್ಮಕೇಂದ್ರದಲ್ಲಿ, ಊರಿನಲ್ಲಿ ಇಂದು ಬಾಳುವುದು ಹೇಗೆ? ಇದನ್ನು ಈ ವಾರ ಒಟ್ಟಿಗೆ ಚಿಂತಿಸೋಣ.

ಗುರು ಕುಳಿತಲ್ಲಿ ಶಿಷ್ಯ

ಗುರು–ಶಿಷ್ಯ ಸಂಬಂಧ ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಸಂಗೀತ ಕಲಿಯುವ ಹುಡುಗ ಗುರುಗಳ ಮನೆಯಲ್ಲೇ ಇರುತ್ತಿದ್ದ. ಪಾಠದ ವೇಳೆಯಲ್ಲಿ ಕಲಿತದ್ದಕ್ಕಿಂತ ಗುರು ಏಳುವುದು, ಕೂರುವುದು, ಬಂದವರನ್ನು ಮಾತನಾಡಿಸುವುದು, ಇವನ್ನೆಲ್ಲ ಕಣ್ಣಾರೆ ಕಂಡು ಕಲಿತದ್ದೇ ಹೆಚ್ಚು. ಗುರು ಹೋದಲ್ಲಿಗೆ ಹೋಗುವವನು, ಗುರು ಕುಳಿತಲ್ಲಿ ಕೂರುವವನು ಶಿಷ್ಯ.

ಈಗ ನಮ್ಮ ಗುರು ಯೇಸು ಎಲ್ಲಿ ಕುಳಿತರು, ನೋಡಿ. ಶುಭಸಂದೇಶಗಳನ್ನು ಓದಿದರೆ, ಅವರು ಬೆಟ್ಟದ ಮೇಲೆ, ದೋಣಿಯಲ್ಲಿ, ದೇವಾಲಯದಲ್ಲಿ ಕುಳಿತು ಬೋಧಿಸಿದ್ದು ಕಾಣುತ್ತದೆ. ಅದಕ್ಕಿಂತಲೂ ಹೆಚ್ಚಾಗಿ ಅವರು ಊಟದ ಪಂಕ್ತಿಯಲ್ಲಿ ಕುಳಿತದ್ದು ಜನರ ಕಣ್ಣಿಗೆ ಬಿತ್ತು. ಸುಂಕದವನಾದ ಲೇವಿಯ ಮನೆಯ ಔತಣಕ್ಕೆ ಅವರು ಹೋದರು. ಊರೆಲ್ಲ ದ್ವೇಷಿಸುತ್ತಿದ್ದ ಜಕ್ಕಾಯನ ಮನೆಗೆ ತಾವಾಗಿಯೇ ಅತಿಥಿಯಾದರು. ತಮ್ಮನ್ನು ಸಂಶಯದಿಂದ ನೋಡುತ್ತಿದ್ದ ಫರಿಸಾಯನ ಮನೆಯ ಊಟವನ್ನೂ ನಿರಾಕರಿಸಲಿಲ್ಲ. ಪಾಪಿಗಳನ್ನು ಬರಮಾಡಿಕೊಂಡು ಅವರೊಂದಿಗೆ ಉಣ್ಣುತ್ತಾನೆ ಎಂಬುದೇ ಅವರ ಮೇಲಿನ ದೊಡ್ಡ ದೂರಾಗಿತ್ತು.

ಗುರು ಆ ಪಂಕ್ತಿಯಲ್ಲಿ ಕುಳಿತ ಮೇಲೆ ಶಿಷ್ಯರಿಗೆ ಬೇರೆ ದಾರಿ ಎಲ್ಲಿದೆ? ಹನ್ನೆರಡು ಮಂದಿಯ ಪಟ್ಟಿಯನ್ನೇ ನೋಡಿ. ಒಬ್ಬ ಮತ್ತಾಯ, ಅಧಿಕಾರಸ್ಥರ ಪರವಾಗಿ ಸುಂಕ ವಸೂಲಿ ಮಾಡುತ್ತಿದ್ದವನು. ಇನ್ನೊಬ್ಬ ಸಿಮೋನ, ಧರ್ಮಾಭಿಮಾನದ ಉಗ್ರತೆಗೆ ಹೆಸರಾದ ಗುಂಪಿನ ಅಡ್ಡಹೆಸರು ಹೊತ್ತವನು. ಹೊರಗೆ ಎದುರಾಗಿದ್ದರೆ ಒಬ್ಬರ ಮುಖ ಒಬ್ಬರು ನೋಡದಂಥ ಇಬ್ಬರು ಒಂದೇ ತಟ್ಟೆಯ ರೊಟ್ಟಿ ಮುರಿಯಬೇಕಾಯಿತು. ಯೇಸುವನ್ನು ಹಿಂಬಾಲಿಸಲು ಒಪ್ಪಿದವನಿಗೆ, ಯೇಸು ಕರೆದ ಇತರರನ್ನು ಬೇಡವೆನ್ನುವ ಹಕ್ಕಿಲ್ಲ. ಶಿಷ್ಯತ್ವದ ಮೊದಲ ಪಾಠ ಇದೇ.

ನಮ್ಮ ಕನ್ನಡದಲ್ಲಿ 'ಪಂಕ್ತಿಭೇದ' ಎಂಬ ಮಾತಿದೆ. ಒಂದೇ ಮನೆಯ ಊಟ, ಆದರೆ ಕೆಲವರಿಗೆ ಒಳಗೆ, ಕೆಲವರಿಗೆ ಜಗಲಿಯಲ್ಲಿ, ಕೆಲವರಿಗೆ ಅಂಗಳದಲ್ಲಿ. ಇದನ್ನು ಪ್ರಶ್ನಿಸಿದ ದನಿಗಳು ಈ ನೆಲದಲ್ಲಿ ಹೊಸತೇನಲ್ಲ. ಹನ್ನೆರಡನೆಯ ಶತಮಾನದ ಶರಣರು ಕುಲದ ಗೋಡೆಯನ್ನು ಕೆಡವಲು ಹೊರಟು ಅದಕ್ಕಾಗಿ ನೋವುಂಡರು. ಹಾಗಿರುವಾಗ, ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸುವ ನಮ್ಮಲ್ಲಿ ಪಂಕ್ತಿಭೇದ ಉಳಿದಿದ್ದರೆ ಅದನ್ನು ಏನೆಂದು ಕರೆಯಬೇಕು?

ಅಂತಿಯೋಕ್ಯದಲ್ಲಿ ನಡೆದದ್ದು

ಈ ಪ್ರಶ್ನೆ ಆದಿ ಧರ್ಮಸಭೆಯಲ್ಲೇ ಎದ್ದಿತು. ಅಂತಿಯೋಕ್ಯ ಎಂಬ ಪಟ್ಟಣದಲ್ಲಿ ಯೆಹೂದ್ಯರಾಗಿ ಹುಟ್ಟಿದ ಶಿಷ್ಯರೂ ಇತರ ಜನಾಂಗಗಳಿಂದ ಬಂದ ಶಿಷ್ಯರೂ ಒಟ್ಟಾಗಿ ಸೇರುತ್ತಿದ್ದರು. ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊಟ್ಟಮೊದಲು ಬಂದದ್ದು ಅಲ್ಲಿಯೇ (ಪ್ರೇಷಿತರ ಕಾರ್ಯಕಲಾಪಗಳು 11:26). ಯೆಹೂದ್ಯರಲ್ಲದೆ, ಇತರ ಜನಾಂಗದವರೂ ಅಲ್ಲದೆ, ಎಲ್ಲರೂ ಕೂಡಿ ಒಂದಾದ ಈ ಹೊಸ ಗುಂಪನ್ನು ಕರೆಯಲು ಜನರಿಗೆ ಒಂದು ಹೊಸ ಹೆಸರೇ ಬೇಕಾಯಿತು ಎಂದು ತೋರುತ್ತದೆ.

ಅದೇ ಅಂತಿಯೋಕ್ಯದಲ್ಲಿ ಮತ್ತೊಂದು ಘಟನೆಯೂ ನಡೆಯಿತು. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾರೆ. ಪೇತ್ರರು ಅಲ್ಲಿಗೆ ಬಂದಾಗ ಮೊದಮೊದಲು ಎಲ್ಲರೊಡನೆ ಕುಳಿತು ಉಣ್ಣುತ್ತಿದ್ದರು. ಜೆರುಸಲೇಮಿನಿಂದ ಕೆಲವರು ಬಂದ ಕೂಡಲೇ, ಅವರೇನು ಅಂದುಕೊಂಡಾರೋ ಎಂಬ ಅಂಜಿಕೆಯಿಂದ ಮೆಲ್ಲನೆ ಹಿಂದೆ ಸರಿದು ಬೇರೆ ಕೂರಲಾರಂಭಿಸಿದರು. ಅವರನ್ನು ನೋಡಿ ಇತರರೂ ಸರಿದರು. ಸಾಧುಸ್ವಭಾವದ ಬಾರ್ನಬರು ಕೂಡ ಸರಿದುಬಿಟ್ಟರು. ಆಗ ಪೌಲರು ಎಲ್ಲರ ಮುಂದೆಯೇ ಪೇತ್ರರನ್ನು ಎದುರಿಸಿ ಮಾತನಾಡಿದರು.

ಗಮನಿಸಿ, ಪೇತ್ರರು ವಿಶ್ವಾಸದ ಯಾವ ಸತ್ಯವನ್ನೂ ಬಾಯಲ್ಲಿ ಅಲ್ಲಗಳೆಯಲಿಲ್ಲ. ಕುಳಿತ ಜಾಗ ಬದಲಿಸಿದರು, ಅಷ್ಟೆ. ಅಷ್ಟನ್ನೇ ಪೌಲರು ಶುಭಸಂದೇಶದ ಸತ್ಯಕ್ಕೆ ತಕ್ಕ ನಡೆಯಲ್ಲ ಎಂದು ಕಂಡರು. ನಾವು ಏನನ್ನು ನಂಬುತ್ತೇವೆ ಎಂಬುದನ್ನು ನಮ್ಮ ಬಾಯಿ ಹೇಳುವುದಕ್ಕಿಂತ ಮೊದಲು ನಾವು ಕೂರುವ ಜಾಗ ಹೇಳಿಬಿಡುತ್ತದೆ. ಪೇತ್ರರು ದುಷ್ಟರಾಗಿದ್ದು ಹೀಗೆ ಮಾಡಲಿಲ್ಲ, ನಾಲ್ಕು ಜನರ ಮಾತಿಗೆ ಹೆದರಿ ಮಾಡಿದರು. ನಮ್ಮ ಮನೆಗಳಲ್ಲಿಯೂ ಎಷ್ಟೋ ಅನ್ಯಾಯಗಳು ನಡೆಯುವುದು ದ್ವೇಷದಿಂದಲ್ಲ, 'ಜನ ಏನೆಂದಾರು' ಎಂಬ ಒಂದೇ ಮಾತಿನಿಂದ.

ಅರಮನೆಯ ಅಧಿಕಾರಿ ದೇವಸಹಾಯಂ

ಇದೆಲ್ಲ ಎರಡು ಸಾವಿರ ವರ್ಷಗಳ ಹಿಂದಿನ ದೂರದೇಶದ ಕಥೆ ಎಂದುಕೊಳ್ಳಬೇಡಿ. ನಮ್ಮ ನೆರೆಯ ತಮಿಳುನಾಡಿನ ದಕ್ಷಿಣದ ತುದಿಯಲ್ಲಿ, ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂ ಎಂಬ ಊರಿನಲ್ಲಿ 1712ರಲ್ಲಿ ನೀಲಕಂಠನ್ ಎಂಬಾತ ಜನಿಸಿದರು. ಮೇಲುಜಾತಿಯೆನಿಸಿದ ನಾಯರ್ ಕುಟುಂಬ, ತಿರುವಾಂಕೂರಿನ ಮಹಾರಾಜ ಮಾರ್ತಾಂಡ ವರ್ಮರ ಅರಮನೆಯಲ್ಲಿ ಅಧಿಕಾರಿಯ ಹುದ್ದೆ, ಮದುವೆಯಾಗಿ ಸಂಸಾರ. 1741ರ ಕೊಳಚ್ಚಲ್ ಯುದ್ಧದಲ್ಲಿ ಸೆರೆಸಿಕ್ಕು, ಬಳಿಕ ಮಹಾರಾಜರ ಸೇನೆಯಲ್ಲೇ ಸೇವೆಗೆ ನಿಂತ ಡಚ್ಚರ ನಾಯಕ ಡಿ ಲನೋಯ್ ಅವರ ಪರಿಚಯ ನೀಲಕಂಠನ್‌ಗೆ ಆಯಿತು. ಆಸ್ತಿಪಾಸ್ತಿಯ ನಷ್ಟದಿಂದ ಕುಗ್ಗಿದ್ದ ಅವರಿಗೆ ಡಿ ಲನೋಯ್ ಯೋಬನ ಕಥೆಯನ್ನು ಹೇಳಿದರು. ಕಷ್ಟವೆಂದರೆ ದೇವರು ಕೈಬಿಟ್ಟ ಗುರುತಲ್ಲ ಎಂಬ ಆ ಮಾತು ಅವರ ಹೃದಯಕ್ಕೆ ನಾಟಿತು.

1745ರ ಮೇ 14ರಂದು ವಡಕ್ಕನ್‌ಕುಳಂ ಎಂಬ ಊರಿನಲ್ಲಿ ಯೇಸುಸಭೆಯ ಗುರುಗಳಿಂದ ಅವರು ಜ್ಞಾನಸ್ನಾನ ಪಡೆದರು. ಲಾಜರ ಎಂಬ ಹೆಸರಿನ ಅರ್ಥವುಳ್ಳ 'ದೇವಸಹಾಯಂ' ಎಂಬುದು ಅವರ ಹೊಸ ಹೆಸರಾಯಿತು. ಅವರ ಪತ್ನಿಯೂ ಜ್ಞಾನಸ್ನಾನ ಪಡೆದು 'ಜ್ಞಾನಪ್ಪೂ' ಆದರು. ತೆರೇಸಾ ಎಂಬ ಹೆಸರಿನ ತಮಿಳು ರೂಪ ಅದು.

ಪ್ರಿಯ ಓದುಗರೇ, ದೇವಸಹಾಯಂ ಗುರುವಾಗಲಿಲ್ಲ, ಮಠ ಸೇರಲಿಲ್ಲ. ಅದೇ ಮನೆ, ಅದೇ ಸಂಸಾರ, ಅದೇ ಹುದ್ದೆ. ಆದರೆ ಅವರು ಕೂರುವ ಪಂಕ್ತಿ ಬದಲಾಯಿತು. ಕೀಳೆಂದು ದೂರವಿಟ್ಟ ಜನರೊಡನೆ ಅವರು ಬೆರೆತರು, ಅವರೊಂದಿಗೆ ಉಂಡರು, ಎಲ್ಲರೂ ಸಮಾನರೆಂದು ಹೇಳಿದರು. ಆ ಕಾಲದ ಸಮಾಜ ಒಬ್ಬ ಅಧಿಕಾರಿ ಯಾವ ದೇವರನ್ನು ಆರಾಧಿಸುತ್ತಾನೆ ಎಂಬುದನ್ನು ಹೇಗೋ ಸಹಿಸಿಕೊಂಡೀತು. ಅವನು ಯಾರ ಪಕ್ಕ ಕುಳಿತು ಉಣ್ಣುತ್ತಾನೆ ಎಂಬುದನ್ನು ಸಹಿಸಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. 1749ರ ಫೆಬ್ರವರಿಯಲ್ಲಿ ಅವರ ಬಂಧನವಾಯಿತು. ಕೊರಳಿಗೆ ಎಕ್ಕದ ಹೂವಿನ ಮಾಲೆ ಹಾಕಿ, ಎಮ್ಮೆಯ ಮೇಲೆ ಕೂರಿಸಿ ಊರೂರು ಮೆರೆಸಿ ಅವಮಾನಿಸಿದರೆಂದು ಅಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ಸುಮಾರು ಮೂರು ವರ್ಷ ಹಿಂಸೆ ಅನುಭವಿಸಿದ ಮೇಲೆ, 1752ರ ಜನವರಿ 14ರಂದು ಅರಲ್ವಾಯ್‌ಮೊಳಿಯ ಬೆಟ್ಟದ ಮೇಲೆ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕೋಟ್ಟಾರಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿ ಅವರ ಸಮಾಧಿ ಇದೆ.

2012ರ ಡಿಸೆಂಬರ್ 2ರಂದು ನಾಗರಕೋವಿಲ್‌ನಲ್ಲಿ ಅವರನ್ನು ಪುನೀತರೆಂದು ಸಾರಲಾಯಿತು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರು ರೋಮಿನಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಭಾರತದ ಶ್ರೀಸಾಮಾನ್ಯ ಭಕ್ತವಿಶ್ವಾಸಿಗಳಲ್ಲಿ ಮೊದಲ ಸಂತರು ಅವರೇ. ಒಂದು ಸಂಗತಿ ನೆನಪಿಡಬೇಕು: ಬಹುಕಾಲದಿಂದ ಅವರ ಹೆಸರಿನ ಜೊತೆ ಸೇರಿಕೊಂಡಿದ್ದ 'ಪಿಳ್ಳೆ' ಎಂಬ ಜಾತಿಸೂಚಕ ಪದವನ್ನು ಕೈಬಿಟ್ಟು, 'ದೇವಸಹಾಯಂ' ಎಂಬ ಹೆಸರಿನಿಂದಲೇ ಸಂತ ಪದವಿಯ ಘೋಷಣೆ ನಡೆಯಿತು. ಜ್ಞಾನಸ್ನಾನದಲ್ಲಿ ಪಡೆದ ಹೆಸರಿಗೆ ಬಾಲಂಗೋಚಿ ಬೇಕಾಗಲಿಲ್ಲ.

ಅದೇ ಊರಿನಲ್ಲಿ ಒಂದು ಗೋಡೆ

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಹೆಮ್ಮೆಪಟ್ಟು ಎದ್ದುಹೋಗಬಹುದಿತ್ತು. ಮುಗಿಯಲಿಲ್ಲ. ದೇವಸಹಾಯಂ ಜ್ಞಾನಸ್ನಾನ ಪಡೆದ ಅದೇ ವಡಕ್ಕನ್‌ಕುಳಂನಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ದೊಡ್ಡ ದೇವಾಲಯ ಎದ್ದಿತು. ಅದಕ್ಕೆ ಎರಡು ತೋಳುಗಳು. ಎರಡೂ ಒಂದೇ ಬಲಿಪೀಠದಲ್ಲಿ ಕೂಡುತ್ತಿದ್ದವು. ಒಂದು ತೋಳು ಮೇಲುಜಾತಿಯೆಂದು ಹೇಳಿಕೊಳ್ಳುವವರಿಗೆ, ಇನ್ನೊಂದು ಉಳಿದವರಿಗೆ. ಒಬ್ಬರಿಗೊಬ್ಬರು ಕಾಣದ ಹಾಗೆ ನಡುವೆ ತಡೆ. ಬಲಿಪೀಠ ಒಂದೇ, ಗುರು ಒಬ್ಬರೇ, ರೊಟ್ಟಿ ಒಂದೇ, ಪಂಕ್ತಿ ಮಾತ್ರ ಎರಡು!

1910ರಲ್ಲಿ ಧರ್ಮಸಭೆಯ ಅಧಿಕಾರಿಗಳು ಆ ತಡೆಯನ್ನು ತೆಗೆಸಿದರು. ಪ್ರತ್ಯೇಕ ಜಾಗ ತಮ್ಮ ಹಕ್ಕೆಂದು ವಾದಿಸಿದವರು ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ ಮದರಾಸು ಹೈಕೋರ್ಟಿನವರೆಗೂ ಹೋಯಿತು. ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ.

ಅಂತಿಯೋಕ್ಯ 'ಕ್ರೈಸ್ತ' ಎಂಬ ಹೆಸರನ್ನೂ ಕೊಟ್ಟಿತು, ಪಂಕ್ತಿಭೇದವನ್ನೂ ಕಂಡಿತು. ವಡಕ್ಕನ್‌ಕುಳಂ ಒಬ್ಬ ಸಂತರನ್ನೂ ಕೊಟ್ಟಿತು, ಗೋಡೆಯನ್ನೂ ಕಂಡಿತು. ನಮ್ಮ ಹೃದಯವೂ ಅಂಥದೇ ಊರು. ಅಲ್ಲಿ ಜ್ಞಾನಸ್ನಾನದ ತೊಟ್ಟಿಯೂ ಇದೆ, ಗೋಡೆಯೂ ಇದೆ. ಆದುದರಿಂದ ಆ ಊರಿನವರನ್ನು ದೂಷಿಸುವ ಬದಲು ನಮ್ಮೊಳಗಿನ ಗೋಡೆಯನ್ನು ನೋಡಿಕೊಳ್ಳುವುದೇ ಸರಿ.

ಇದು ಹಳೆಯ ಕಾಲದ ಪಿಡುಗು ಎಂದು ಧರ್ಮಸಭೆ ಕಣ್ಣುಮುಚ್ಚಿ ಕುಳಿತಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ ಧರ್ಮಸಭೆಯ ಕುರಿತಾದ ಸಂವಿಧಾನವು, ಕುಲ, ದೇಶ, ಸಾಮಾಜಿಕ ಸ್ಥಿತಿ, ಲಿಂಗ ಇವುಗಳ ಆಧಾರದಲ್ಲಿ ಕ್ರಿಸ್ತರಲ್ಲಿ ಅಸಮಾನತೆಗೆ ಎಡೆಯಿಲ್ಲವೆಂದು ಬೋಧಿಸಿತು. 2003ರ ನವೆಂಬರ್‌ನಲ್ಲಿ ಸಂತ ಎರಡನೆಯ ಜಾನ್ ಪಾಲ್ ಅವರು ತಮಿಳುನಾಡಿನ ಧರ್ಮಾಧ್ಯಕ್ಷರೊಂದಿಗೆ ಮಾತನಾಡುತ್ತಾ, ಕ್ರೈಸ್ತರ ನಡುವಿನ ಜಾತಿಭೇದದ ತೋರಿಕೆ ಯಾವುದೇ ರೂಪದಲ್ಲಿದ್ದರೂ ಅದು ನಿಜವಾದ ಮಾನವ ಐಕ್ಯಕ್ಕೆ ವಿರುದ್ಧವೆಂದು ಎಚ್ಚರಿಸಿದರು. 2016ರ ಡಿಸೆಂಬರ್‌ನಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ನಮ್ಮೊಳಗೆ ಈ ಭೇದ ಉಳಿದಿರುವುದನ್ನು ಒಪ್ಪಿಕೊಂಡಿತು.

ಇನ್ನೊಂದು ಮಾತು. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿಗಳ ಆದೇಶದ ಸೌಲಭ್ಯ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತ ದಲಿತರಿಗೂ ಅದು ಸಿಗಬೇಕೆಂದು ಧರ್ಮಸಭೆ ದಶಕಗಳಿಂದ ಕೇಳುತ್ತಾ ಬಂದಿದೆ. ಅದು ನ್ಯಾಯವಾದ ಬೇಡಿಕೆ. ಆದರೆ ಹಾಗೆ ಕೇಳುವಾಗ ನಾವು ಏನು ಹೇಳುತ್ತಿದ್ದೇವೆ? ಜ್ಞಾನಸ್ನಾನವಾದರೂ ಈ ಸಹೋದರರ ಸಂಕಟ ತೀರಿಲ್ಲ ಎನ್ನುತ್ತಿದ್ದೇವೆ. ತೀರದಿರುವುದಕ್ಕೆ ಹೊರಗಿನವರು ಎಷ್ಟು ಕಾರಣ, ಅವರ ಪಕ್ಕದ ಬೆಂಚಿನಲ್ಲಿ ಕೂರುವವರು ಎಷ್ಟು ಕಾರಣ? ಸರ್ಕಾರಕ್ಕೆ ಮನವಿ ಬರೆಯುವ ಕೈ ತನ್ನ ಎದೆಯನ್ನೂ ಒಮ್ಮೆ ಮುಟ್ಟಿಕೊಳ್ಳಬೇಕಲ್ಲವೇ?

ನಮ್ಮ ಮನೆ, ನಮ್ಮ ಧರ್ಮಕೇಂದ್ರ

ಇಂದು ಇಟ್ಟಿಗೆಯ ಗೋಡೆ ಕಟ್ಟುವವರಿಲ್ಲ. ಕಣ್ಣಿಗೆ ಕಾಣದ ಗೋಡೆಗಳನ್ನು ಹುಡುಕಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಐದು ಕಡೆ ನೋಡಿದರೆ ಸಾಕು.

ಮೊದಲನೆಯದು, ಅಡುಗೆಮನೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಬೇರೆ ಲೋಟ, ಬೇರೆ ತಟ್ಟೆ ಇಟ್ಟಿದ್ದೇವೆಯೇ? ಆಕೆ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿದರೆ ನಮ್ಮ ಮುಖ ಹೇಗಾಗುತ್ತದೆ? ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಎಲ್ಲರೂ ದೇವರ ಮಕ್ಕಳು ಎಂದು ಕಲಿತು ಮನೆಗೆ ಬರುತ್ತಾರೆ. ಅಡುಗೆಮನೆಯ ಆ ಲೋಟ ಅವರಿಗೆ ಬೇರೆ ಪಾಠ ಕಲಿಸುತ್ತದೆ. ಎರಡರಲ್ಲಿ ಯಾವ ಪಾಠ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆಂದು ಹೇಳಬೇಕಾಗಿಲ್ಲ.

ಎರಡನೆಯದು, ದೇವಾಲಯದ ಬೆಂಚು. ಚಿಕ್ಕಮಗಳೂರು, ಕೊಡಗಿನ ಕಡೆ ತೋಟದ ಮಾಲೀಕರೂ ಲೈನ್‌ಮನೆಯ ಕಾರ್ಮಿಕರೂ ಒಂದೇ ಪೂಜೆಗೆ ಬರುತ್ತಾರೆ. ಬೆಂಗಳೂರಿನ ಧರ್ಮಕೇಂದ್ರಗಳಿಗೆ ಜಾರ್ಖಂಡ್, ಒಡಿಶಾ, ಈಶಾನ್ಯ ರಾಜ್ಯಗಳಿಂದ ದುಡಿಯಲು ಬಂದ ಯುವಜನರು ಬಂದು ಹಿಂದೆ ನಿಲ್ಲುತ್ತಾರೆ. ಪೂಜೆ ಮುಗಿದ ಮೇಲೆ ಅವರ ಹೆಸರು ಕೇಳಿದವರು ಎಷ್ಟು ಜನ? ಶಾಂತಿಯನ್ನು ಹಂಚಿಕೊಳ್ಳಿರಿ ಎಂದಾಗ ನಮ್ಮ ಕೈಗಳು ಯಾರ ಕಡೆ ತಿರುಗುತ್ತವೆ? ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ ಕೊಟ್ಟು, ಹರಕು ಬಟ್ಟೆಯವನನ್ನು ಅಲ್ಲೇ ನಿಲ್ಲು ಎನ್ನುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದ 2ನೇ ಅಧ್ಯಾಯದಲ್ಲಿ ಖಂಡಿಸಿದ್ದು ನಮಗಾಗಿಯೇ ಎನ್ನಿಸುವುದಿಲ್ಲವೇ?

ಮೂರನೆಯದು, ಹಬ್ಬ ಮತ್ತು ಸಮಿತಿ. ಪಾಲಕ ಸಂತರ ಹಬ್ಬ ಬಂದಾಗ ದೇಣಿಗೆ ಎಲ್ಲರಿಂದ, ವೇದಿಕೆ ಕೆಲವರಿಗೆ. ಪಾಲನಾ ಸಮಿತಿಯಲ್ಲಿ, ವಾಚನ ಓದುವುದರಲ್ಲಿ, ಗಾಯನ ಮಂಡಳಿಯಲ್ಲಿ ವರ್ಷವರ್ಷವೂ ಅವೇ ಮನೆತನದವರು ಇದ್ದರೆ, ಎಂದೂ ಕರೆಯದೆ ಉಳಿದ ಮನೆಗಳು ಯಾವುವೆಂದು ಯೋಚಿಸಬೇಕು. ಕಿರು ಕ್ರೈಸ್ತ ಸಮುದಾಯದ ಕೂಟ ದೊಡ್ಡ ಹಾಲ್ ಇರುವ ಮನೆಗಳಲ್ಲೇ ನಡೆಯಬೇಕೆಂಬ ನಿಯಮವಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಚಾಪೆ ಹಾಸಿ ಕುಳಿತು ದೇವರ ವಾಕ್ಯ ಓದಿದಾಗ ಆ ಮನೆಯವರ ಮುಖದಲ್ಲಿ ಮೂಡುವ ಬೆಳಕು ನೂರು ಪ್ರವಚನಗಳಿಗೆ ಸಮ.

ನಾಲ್ಕನೆಯದು, ಭಾಷೆ. ನಮ್ಮ ಕರ್ನಾಟಕದ ಧರ್ಮಸಭೆಯಲ್ಲಿ ಯಾವ ಭಾಷೆಯಲ್ಲಿ ಪೂಜೆ ಎಂಬ ವಿಷಯ ಎಷ್ಟೋ ಬಾರಿ ಮನಸ್ತಾಪಕ್ಕೆ ಕಾರಣವಾಗಿದೆ. ತಾಯ್ನುಡಿಯಲ್ಲಿ ದೇವರನ್ನು ಸ್ತುತಿಸುವ ಆಸೆ ಸಹಜ; ನಾಡಿನ ಭಾಷೆಗೆ ನಾಡಿನ ದೇವಾಲಯದಲ್ಲಿ ಸ್ಥಾನ ಕೇಳುವುದು ತಪ್ಪಲ್ಲ. ಆದರೆ ಭಾಷೆಯ ಮೇಲಿನ ಪ್ರೀತಿ ಆ ಇನ್ನೊಂದು ಭಾಷೆಯಾಡುವ ಸಹೋದರನ ಮೇಲಿನ ದ್ವೇಷವಾಗಿ ತಿರುಗಿದ ಗಳಿಗೆಯಲ್ಲಿ ನಾವು ಶಿಷ್ಯರ ಪಂಕ್ತಿಯಿಂದ ಎದ್ದುಹೋಗಿರುತ್ತೇವೆ.

ಐದನೆಯದು ಎಲ್ಲಕ್ಕಿಂತ ಕಠಿಣವಾದದ್ದು, ಮದುವೆ. ಪೂಜೆಯಲ್ಲಿ ಪಕ್ಕ ಕೂರಬಹುದು, ಸಹಭೋಜನವನ್ನೂ ಮಾಡಬಹುದು. ಮಗಳು ಬಂದು, 'ಅಪ್ಪಾ, ಇವನು ಒಳ್ಳೆಯ ಹುಡುಗ, ನಮ್ಮ ಧರ್ಮಕೇಂದ್ರದವನೇ, ವಿಶ್ವಾಸವುಳ್ಳವನು, ದುಡಿದು ತಿನ್ನುವವನು' ಎಂದಾಗ ಮೊದಲು ಬಾಯಿಂದ ಬರುವ ಪ್ರಶ್ನೆ ಏನು? 'ಅವರು ಯಾವ ಜನ?' ಹತ್ತಾರು ವರ್ಷ ಪರಮಪ್ರಸಾದ ಸ್ವೀಕರಿಸಿದ ನಾಲಗೆಯೇ ಆ ಪ್ರಶ್ನೆ ಕೇಳುತ್ತದೆ. ವಿವಾಹದ ಜಾಹೀರಾತುಗಳಲ್ಲಿ 'ಕಥೋಲಿಕ' ಎಂಬುದರ ಪಕ್ಕದಲ್ಲಿ ಇನ್ನೊಂದು ಪದ ಸೇರಿಕೊಳ್ಳುವುದೂ ಇದೇ ಕಾರಣಕ್ಕೆ. ಇಲ್ಲಿ ಬೋಧನೆ ಸಾಲದು. ಹೆತ್ತವರ ಅಂಜಿಕೆ ನಿಜವಾದದ್ದು: ನೆಂಟರು ಬರುವುದನ್ನು ಬಿಟ್ಟಾರು, ಕಿರಿಯ ಮಗಳಿಗೆ ಸಂಬಂಧ ಸಿಗಲಿಕ್ಕಿಲ್ಲ, ಊರಿನವರು ಆಡಿಕೊಂಡಾರು. ಅಂತಿಯೋಕ್ಯದಲ್ಲಿ ಪೇತ್ರರನ್ನು ಹಿಂದಕ್ಕೆ ಸರಿಸಿದ ಅಂಜಿಕೆಯೂ ಇದೇ ಜಾತಿಯದು.

ಬೆಲೆಯನ್ನು ಮೊದಲೇ ಎಣಿಸಿ

ಯೇಸು ಯಾರನ್ನೂ ಸಿಹಿಮಾತು ಹೇಳಿ ಕರೆಯಲಿಲ್ಲ. ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಅವರು ಗೋಪುರ ಕಟ್ಟಲು ಹೊರಟವನ ಸಾಮತಿ ಹೇಳುತ್ತಾರೆ. ಕಟ್ಟಲು ಆರಂಭಿಸುವ ಮೊದಲು ಕುಳಿತು ಖರ್ಚು ಲೆಕ್ಕ ಹಾಕು, ಅರ್ಧಕ್ಕೆ ನಿಲ್ಲಿಸಿ ನಗೆಪಾಟಲಾಗಬೇಡ ಎಂಬುದು ಅದರ ತಾತ್ಪರ್ಯ. ಶಿಲುಬೆ ಹೊರುವುದೆಂದರೆ ರೋಗರುಜಿನ ಸಹಿಸುವುದು ಮಾತ್ರ ಎಂದು ನಾವು ಭಾವಿಸುತ್ತೇವೆ. ಬಂದ ಕಷ್ಟವನ್ನು ಸಹಿಸುವುದು ಒಳ್ಳೆಯದೇ. ಆದರೆ ಯೇಸುವಿನ ಶಿಲುಬೆ ತಾನಾಗಿ ಬಂದ ಕಾಯಿಲೆಯಾಗಿರಲಿಲ್ಲ. ಅವರು ಯಾರ ಪಕ್ಷ ನಿಂತರು, ಯಾರೊಡನೆ ಉಂಡರು ಎಂಬುದರ ಫಲವೂ ಆಗಿತ್ತು. ದೇವಸಹಾಯಂ ತೆತ್ತ ಬೆಲೆಯೂ ಅಂಥದೇ. ಹುದ್ದೆ, ಮಾನ, ಕೊನೆಗೆ ಪ್ರಾಣ.

ನಮ್ಮನ್ನು ಯಾರೂ ಗುಂಡಿಕ್ಕಿ ಕೊಲ್ಲುವುದಿಲ್ಲ. ನಾವು ತೆರಬೇಕಾದ ಬೆಲೆ ಚಿಕ್ಕದು: ಒಬ್ಬ ನೆಂಟನ ಮುನಿಸು, ಒಂದು ಸಂಜೆಯ ಕೊಂಕುಮಾತು, ಸಮಿತಿಯಲ್ಲಿ ಒಂದು ಕುರ್ಚಿ. ಇಷ್ಟು ಚಿಕ್ಕ ಬೆಲೆಗೂ ಹಿಂಜರಿಯುವ ನಾವು, ಹುತಾತ್ಮರ ಹಬ್ಬವನ್ನು ಪಟಾಕಿ ಸುಟ್ಟು ಆಚರಿಸಿದರೆ ಏನು ಪ್ರಯೋಜನ?

'ಸ್ವಾಮಿ, ಇದನ್ನೆಲ್ಲ ದೇವಾಲಯದೊಳಗೆ ತರಬೇಡಿ, ಒಗ್ಗಟ್ಟು ಒಡೆಯುತ್ತದೆ' ಎಂದು ಹೇಳುವವರೂ ಉಂಟು. ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ಗಾಯವನ್ನು ಮುಚ್ಚಿಟ್ಟು ಗುಣವಾಯಿತೆನ್ನುವುದು ಒಗ್ಗಟ್ಟಲ್ಲ. ಪೌಲರು ಪೇತ್ರರನ್ನು ಎದುರಿಸಿದ್ದರಿಂದ ಧರ್ಮಸಭೆ ಒಡೆಯಲಿಲ್ಲ. ಅದರ ಬಾಗಿಲು ಎಲ್ಲ ಜನಾಂಗಗಳಿಗೂ ತೆರೆದೇ ಉಳಿಯಿತು. ಆ ಬಾಗಿಲಿನಿಂದಲೇ ನಮ್ಮ ಪೂರ್ವಜರೂ ಒಳಗೆ ಬಂದರು. ಅಂದು ಆ ಪಂಕ್ತಿಭೇದ ನಿಂತುಬಿಟ್ಟಿದ್ದರೆ ಇಂದು ಜಗಲಿಯಲ್ಲಿ ಕೂರಬೇಕಾದವರು ನಾವೇ ಎಂಬುದನ್ನು ಮರೆಯದಿರೋಣ.

ಎಲ್ಲಿಂದ ಆರಂಭಿಸೋಣ?

ದೊಡ್ಡ ಕ್ರಾಂತಿ ಮಾಡಬೇಕೆಂದು ಹೇಳುತ್ತಿಲ್ಲ. ಒಂದು ಲೋಟದಿಂದ ಆರಂಭಿಸೋಣ. ನಾಳೆ ಬೆಳಿಗ್ಗೆ ಕೆಲಸದಾಕೆಗೆ ಮನೆಯವರ ಲೋಟದಲ್ಲೇ ಕಾಫಿ ಕೊಟ್ಟು, ಕೂರಲು ಹೇಳೋಣ. ಬರುವ ಭಾನುವಾರ ನಮ್ಮ ಖಾಯಂ ಬೆಂಚು ಬಿಟ್ಟು, ಪರಿಚಯವಿಲ್ಲದವರ ಪಕ್ಕ ಕುಳಿತು, ಪೂಜೆಯ ನಂತರ ಐದು ನಿಮಿಷ ಮಾತನಾಡೋಣ. ಬರುವ ಹಬ್ಬದ ಊಟದಲ್ಲಿ ಗಣ್ಯರ ಸಾಲು ಎಂಬುದನ್ನು ತೆಗೆದುಹಾಕಿ, ಸಮಿತಿಯವರು ಬಡಿಸಿ ಕೊನೆಯಲ್ಲಿ ಉಣ್ಣಲಿ. ಊರಿನ ಅನ್ಯಧರ್ಮೀಯ ನೆರೆಯವರ ಮನೆಯಲ್ಲಿ ಸಾವುನೋವಾದಾಗ ಮೊದಲು ಹೋಗಿ ನಿಲ್ಲುವವರು ನಾವಾಗೋಣ. ನಮ್ಮ ಗುರು ಯಾರೆಂಬುದನ್ನು ನಮ್ಮ ಕಾಲುಗಳೇ ಹೇಳಲಿ. ಮಕ್ಕಳ ಮದುವೆಯ ಮಾತು ಬಂದಾಗ ಮೊದಲ ಪ್ರಶ್ನೆಯನ್ನು ಬದಲಾಯಿಸೋಣ. 'ಯಾವ ಜನ?' ಎನ್ನುವ ಬದಲು 'ಎಂಥ ಮನುಷ್ಯ?' ಎಂದು ಕೇಳೋಣ.

ಕೊನೆಯ ಭೋಜನದ ರಾತ್ರಿ ಯೇಸು ಪಂಕ್ತಿಯಿಂದ ಎದ್ದು, ಟವಲು ಸುತ್ತಿಕೊಂಡು, ಹನ್ನೆರಡು ಮಂದಿಯ ಕಾಲು ತೊಳೆದರು. ತಮ್ಮನ್ನು ಹಿಡಿದುಕೊಡಲಿದ್ದವನ ಕಾಲನ್ನೂ, ಅಲ್ಲಗಳೆಯಲಿದ್ದವನ ಕಾಲನ್ನೂ ಬಿಡಲಿಲ್ಲ. ಯಾರೂ ಆ ಪಂಕ್ತಿಗೆ ಅರ್ಹತೆಯಿಂದ ಬಂದವರಲ್ಲ. ನಾವೂ ಅಲ್ಲ. ಕರೆದದ್ದಕ್ಕಾಗಿ ಬಂದವರು. ಇದು ನೆನಪಿದ್ದರೆ ಪಕ್ಕದಲ್ಲಿ ಯಾರು ಕುಳಿತರೂ ಜರುಗಿ ಜಾಗ ಕೊಡಲು ಕಷ್ಟವಾಗದು.

ಮನೆಯವರೆಲ್ಲ ಕೂಡಿ ಚಿಂತಿಸಲು

1. ಕಳೆದ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ನಮ್ಮೊಂದಿಗೆ ಕುಳಿತು ಊಟ ಮಾಡಿದವರು ಯಾರು ಯಾರು? ಎಂದೂ ಕರೆಯದವರು ಯಾರು? ಏಕೆ?

2. ನಮ್ಮ ಧರ್ಮಕೇಂದ್ರದಲ್ಲಿ ಯಾವ ಮನೆಯವರಿಗೆ ಇದುವರೆಗೆ ಯಾವ ಜವಾಬ್ದಾರಿಯೂ ಸಿಕ್ಕಿಲ್ಲ?

3. 'ಜನ ಏನೆಂದಾರು' ಎಂಬ ಅಂಜಿಕೆಯಿಂದ ನಾವು ಮಾಡದೆ ಬಿಟ್ಟ ಒಂದು ಒಳ್ಳೆಯ ಕೆಲಸ ಯಾವುದು? ಈ ತಿಂಗಳು ಅದನ್ನು ಮಾಡಬಹುದೇ?

ಪ್ರಾರ್ಥನೆ

ಪ್ರಭು ಯೇಸುವೇ, ನಮ್ಮ ಯೋಗ್ಯತೆ ನೋಡದೆ ನಮ್ಮನ್ನು ನಿಮ್ಮ ಪಂಕ್ತಿಗೆ ಕರೆದಿರಿ. ನಮ್ಮ ಪಕ್ಕಕ್ಕೆ ನೀವು ಕರೆತರುವ ಯಾರನ್ನೂ ದೂರ ಸರಿಸದ ಹೃದಯವನ್ನು ನಮಗೆ ಕೊಡಿ. ಜನರ ಮಾತಿಗೆ ಹೆದರಿ ಎದ್ದುಹೋಗುವ ನಮ್ಮನ್ನು ಮತ್ತೆ ಕೈಹಿಡಿದು ಕೂರಿಸಿ. ಸಂತ ದೇವಸಹಾಯಂ ಅವರಂತೆ, ನಮ್ಮ ಮನೆಯಲ್ಲಿದ್ದುಕೊಂಡೇ, ನಮ್ಮ ಕೆಲಸ ಮಾಡುತ್ತಲೇ, ನಿಮ್ಮ ಶಿಷ್ಯರಾಗಿ ಬಾಳುವ ಧೈರ್ಯವನ್ನು ಕರುಣಿಸಿ. ಆಮೆನ್.